ಬೇಟೆಯ ಉಪಾಯವೂ ಅಭಯದ ಬೆಲೆಯೂ

ಕೃಷ್ಣಮೃಗವು ಯಾವ ದೇಶದಲ್ಲಿ ಸ್ವಭಾವದಿಂದಲೇ ಸಂಚರಿಸುವುದೋ ಆ ದೇಶವು ಯಜ್ಞಕ್ಕೆ ಯೋಗ್ಯವಾದುದೆಂದು ಮನುಸ್ಮೃತಿಯಲ್ಲಿ ಹೇಳಿದೆ. ಯಾಜ್ಞವಲ್ಕ್ಯಸ್ಮೃತಿಯು ಧರ್ಮವನ್ನು ಉಪದೇಶಿಸತೊಡಗುವಾಗ ಮೊದಲು ಗುರುತಿಸುವುದೂ ಈ ಮೃಗವು ಅಲೆದಾಡುವ ನೆಲವನ್ನೇ. ಹೀಗಿರಲು ಕೃಷ್ಣಾ ತುಂಗಭದ್ರೆಗಳ ನಡುವಣ ರಾಯಚೂರು ಸೀಮೆಯು ಧರ್ಮವಿಚಾರಕ್ಕೆ ಅರ್ಹವಾದ ನೆಲವೆಂಬುದರಲ್ಲಿ ಸಂದೇಹವಿಲ್ಲ. ರಾಯಚೂರು ನಗರದಿಂದ ಮಾನ್ವಿಯ ಕಡೆಗಾಗಲಿ ದೇವದುರ್ಗದ ಕಡೆಗಾಗಲಿ ನಸುಕಿನಲ್ಲಿ ಪಯಣಿಸುವವರಿಗೆ ಎರೆಹೊಲಗಳ ನಡುವೆ ತಲೆಯೆತ್ತಿ ನಿಂತ ಹಿಂಡುಗಳು ಆಗಾಗ ಕಾಣುವುದುಂಟು. ಶಾಸ್ತ್ರಗಳು ಕೃಷ್ಣಸಾರವೆಂದು ಕರೆಯುವ ಮೃಗವನ್ನೇ ಅಲ್ಲಿಯ ರೈತನು ಚಿಗರಿಯೆಂದೂ ಜಿಂಕೆಯೆಂದೂ ಕರೆಯುತ್ತಾನೆ. ಉಪನಯನದಲ್ಲಿ ವಟುವಿಗೆ ಕಟ್ಟುವ ಅಜಿನವು ಇದರ ಚರ್ಮವೇ ಎಂಬುದು ಈಗ ಎಷ್ಟೋ ಮನೆಗಳಲ್ಲಿ ಮರೆತುಹೋಗಿದೆ.

ಈ ಮೃಗದ ವಿಷಯದಲ್ಲಿ ಆಲೋಚಿಸತಕ್ಕ ಪ್ರಶ್ನೆಗಳು ಎರಡು. ಬೇಟೆಗಾರನು ಇದನ್ನು ಕೊಲ್ಲಲು ಬಳಸಿದ ಉಪಾಯಗಳಲ್ಲಿ ಧರ್ಮವೆಷ್ಟು, ಅಧರ್ಮವೆಷ್ಟು ಎಂಬುದು ಮೊದಲನೆಯದು. ಬೇಟೆಯನ್ನು ಶಾಸನವೇ ನಿಷೇಧಿಸಿ ಮೃಗಕ್ಕೆ ಅಭಯ ದೊರೆತಿರುವ ಈ ಕಾಲದಲ್ಲಿ ಆ ಅಭಯದ ಬೆಲೆಯನ್ನು ತೆರತಕ್ಕವರು ಯಾರು ಎಂಬುದು ಎರಡನೆಯದು. ಮೇಲುನೋಟಕ್ಕೆ ಇವು ಬೇರೆ ಬೇರೆಯಾಗಿ ತೋರಿದರೂ ಮೊದಲನೆಯದರ ಉತ್ತರವಿಲ್ಲದೆ ಎರಡನೆಯದು ಬಿಡಿಸಲಾಗದು.

ಮೊದಲು ಮೃಗದ ಸ್ವಭಾವವನ್ನು ನೋಡೋಣ. ಕೃಷ್ಣಮೃಗವು ಬಯಲಿನ ಪ್ರಾಣಿ. ದಟ್ಟವಾದ ಅಡವಿಯು ಅದಕ್ಕೆ ಒಗ್ಗದು. ಗಂಡಿನ ಮೈಬಣ್ಣವು ವಯಸ್ಸು ಏರಿದಂತೆ ಕಪ್ಪಾಗುತ್ತ ಹೋಗುವುದು. ಹೊಟ್ಟೆಯಲ್ಲಿಯೂ ಕಣ್ಣಿನ ಸುತ್ತಲೂ ಬಿಳುಪು ಉಳಿಯುವುದು. ಕೋಡುಗಳು ತಿರುಪಿನಂತೆ ಸುತ್ತಿಕೊಂಡು ಎರಡಡಿಯವರೆಗೂ ಬೆಳೆಯುವುವು. ಹೆಣ್ಣಿನ ಮೈ ಹೊಂಬಣ್ಣದ್ದು. ಅದಕ್ಕೆ ಸಾಮಾನ್ಯವಾಗಿ ಕೋಡಿಲ್ಲ. ಕಣ್ಣು ಬಲು ಚುರುಕು. ಓಡತೊಡಗಿದರೆ ಗಂಟೆಗೆ ೮೦ ಕಿಲೋಮೀಟರಿನಷ್ಟು ವೇಗ. ಮರೆಯಿಲ್ಲದ ಬಯಲಿನಲ್ಲಿ ಇಂತಹ ಪ್ರಾಣಿಯನ್ನು ಕಾಲ್ನಡೆಯ ಮನುಷ್ಯನು ಅಟ್ಟಿ ಹಿಡಿಯುವುದು ಅಸಾಧ್ಯವಾದ ಮಾತು. ಆದುದರಿಂದಲೇ ಬೇಟೆಗಾರನು ಎಲ್ಲ ಕಾಲದಲ್ಲಿಯೂ ಓಟವನ್ನು ನಂಬದೆ ಕಾಯುವಿಕೆಯನ್ನು ನಂಬಿದನು. ಮೃಗವು ಬಲವಾಗಿರುವಾಗ ಬಿಟ್ಟು, ಅದು ಏನನ್ನಾದರೂ ಬೇಡುವ ಗಳಿಗೆಗಾಗಿ ಕಾದನು.

ಅಂತಹ ಗಳಿಗೆಗಳಲ್ಲಿ ಮೊದಲನೆಯದು ಬಾಯಾರಿಕೆ. ಸುಗ್ಗಿಯು ಮುಗಿದು ಬಿಳಿಜೋಳದ ಕೂಳೆಯೂ ಒಣಗಿದ ಮೇಲೆ ಈ ಸೀಮೆಯ ಬಯಲು ಬರಿದಾಗುವುದು. ಚೈತ್ರ ವೈಶಾಖಗಳಲ್ಲಿ ಬಿಸಿಲು ನಲವತ್ತು ಡಿಗ್ರಿಯನ್ನು ಮೀರುವಾಗ ಹಳ್ಳಗಳು ಬತ್ತಿ ಅಲ್ಲೊಂದು ಇಲ್ಲೊಂದು ಗುಂಡಿಯಲ್ಲಿ ಮಾತ್ರ ನೀರು ನಿಲ್ಲುವುದು. ಮಳೆಗಾಲದಲ್ಲಿ ಹತ್ತು ದಿಕ್ಕಿಗೆ ಚೆದರಿದ್ದ ಹಿಂಡು ಆಗ ಆ ಒಂದು ಗುಂಡಿಗೆ ಬರಲೇಬೇಕು. ಮೃಗವನ್ನು ಹುಡುಕುವ ಶ್ರಮವೇ ಬೇಟೆಗಾರನಿಗೆ ಇಲ್ಲ. ಗಾಳಿಯು ತನ್ನ ವಾಸನೆಯನ್ನು ಒಯ್ಯದ ಕಡೆ ಮರೆಗುಂಡಿ ತೋಡಿ ಕುಳಿತರೆ ಸಾಕು. ಬೇಟೆಯ ಕಾಲವು ಕೊನೆಗೊಳ್ಳುವ ಹೊತ್ತಿಗೆ ಬೇಟೆಗಾರನ ಕೆಲಸವು ಸುಲಭವಾಗುವುದಕ್ಕೆ ಅವನ ಜಾಣತನವು ಹೆಚ್ಚಿದ್ದು ಕಾರಣವಲ್ಲ. ಮೃಗಕ್ಕೆ ಬೇರೆ ದಾರಿ ಉಳಿಯದಿರುವುದೇ ಕಾರಣ.

ಎರಡನೆಯ ಗಳಿಗೆ ಕಾಮ. ಕೃಷ್ಣಮೃಗಗಳು ವರ್ಷದ ಎಲ್ಲ ಕಾಲದಲ್ಲಿಯೂ ಮರಿಯಿಡಬಲ್ಲವಾದರೂ ವಸಂತದ ಕೊನೆಯಲ್ಲಿಯೂ ಮಳೆಗಾಲದ ಕೊನೆಯಲ್ಲಿಯೂ ಅವುಗಳ ಮದವು ಹೆಚ್ಚು. ಆಗ ಗಂಡು ತನಗೆಂದು ಒಂದಿಷ್ಟು ನೆಲವನ್ನು ಗುರುತುಮಾಡಿಕೊಂಡು, ಅದರೊಳಕ್ಕೆ ಕಾಲಿಟ್ಟ ಇನ್ನೊಂದು ಗಂಡಿನೊಡನೆ ಕೋಡಿಗೆ ಕೋಡು ಹೂಡಿ ಕಾದುವುದು. ಈ ಅಭಿಮಾನವನ್ನು ಬಲ್ಲ ಬೇಟೆಗಾರನು ಸಾಕಿ ಪಳಗಿಸಿದ ಗಂಡೊಂದರ ಕೋಡಿಗೆ ಬಲೆಯನ್ನೋ ಕುಣಿಕೆಯನ್ನೋ ಕಟ್ಟಿ ಬಯಲಿಗೆ ಬಿಡುತ್ತಿದ್ದನು. ಕಾದಾಡಲು ಬಂದ ಕಾಡುಮೃಗದ ಕೋಡು ಅದರಲ್ಲಿ ಸಿಕ್ಕಿಕೊಳ್ಳುತ್ತಿದ್ದಿತು. ಅಕ್ಬರನ ಬೇಟೆಗಳನ್ನು ವರ್ಣಿಸುವ ಅಬುಲ್ ಫಜಲನ ಐನ್-ಎ-ಅಕ್ಬರಿಯಲ್ಲಿ ಈ ವಿಧಾನದ ವಿವರವಿದೆ. ಅದಕ್ಕಿಂತ ಸುಮಾರು ನಾಲ್ಕೂವರೆ ಶತಮಾನ ಹಿಂದೆಯೇ, ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ತನ್ನ ಮಾನಸೋಲ್ಲಾಸದಲ್ಲಿ ಮೃಗಯಾವಿನೋದವನ್ನು ಹೇಳುವಾಗ, ಪಳಗಿಸಿದ ಮೃಗದಿಂದ ಮೃಗವನ್ನು ಮರುಳುಗೊಳಿಸುವ ಬಗೆಯನ್ನೂ ಚೀತಾವನ್ನು ಬಿಟ್ಟು ಹಿಡಿಸುವ ಬಗೆಯನ್ನೂ ಸೇರಿಸಿದ್ದಾನೆ. ಹಳಗನ್ನಡದಲ್ಲಿ ಇಂತಹ ಮೃಗಕ್ಕೆ ದೀವವೆಂಬ ಹೆಸರೇ ಇದೆ. ಹೆಸರು ಹುಟ್ಟಬೇಕಾದರೆ ಬಳಕೆಯು ಎಷ್ಟು ರೂಢವಾಗಿದ್ದಿರಬೇಕೆಂಬುದನ್ನು ವಾಚಕರೇ ಊಹಿಸಬಹುದು.

ಮೂರನೆಯ ಗಳಿಗೆ ನಂಬುಗೆ. ಕಾಲ್ನಡೆಯವನನ್ನು ಕಂಡರೆ ದೂರದಿಂದಲೇ ಓಡುವ ಹಿಂಡು ಹೊಲಕ್ಕೆ ಹೋಗುವ ಎತ್ತಿನ ಬಂಡಿಯನ್ನು ಕಂಡರೆ ಅಷ್ಟಾಗಿ ಬೆದರದು. ದಿನವೂ ಕಾಣುವ ಬಂಡಿಯಿಂದ ಕೇಡಾಗದೆಂಬುದು ಅದರ ಅನುಭವ. ಬೇಟೆಗಾರರು ಆ ಬಂಡಿಯ ಮರೆಯಲ್ಲಿಯೇ ಹತ್ತಿರ ಸಾಗಿ ಗುಂಡು ಹಾರಿಸುತ್ತಿದ್ದರು. ಉಳುವವನು ವರ್ಷಗಟ್ಟಲೆ ಕೇಡು ಮಾಡದೆ ಗಳಿಸಿದ ನಂಬುಗೆಯನ್ನು ಬೇಟೆಗಾರನು ಒಂದು ಗಳಿಗೆಯಲ್ಲಿ ವೆಚ್ಚ ಮಾಡಿದನೆನ್ನಬೇಕು.

ಇದು ಒಂದು ದೇಶದ ಮಾತಲ್ಲ. ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ಕಾಡುಗಳಲ್ಲಿ ಕಪ್ಪುಬಾಲದ ಜಿಂಕೆಯೆಂಬ ಜಾತಿಯಿದೆ. ಅಲ್ಲಿ ಅದರ ಬೇಟೆಗೆ ಸರ್ಕಾರವೇ ಕಾಲವನ್ನೂ ಸಂಖ್ಯೆಯನ್ನೂ ಗೊತ್ತುಮಾಡಿ ಪರವಾನಿಗೆ ಕೊಡುತ್ತದೆ. ಆ ಕಾಲದ ಕೊನೆಯ ದಿನಗಳು ಗಂಡುಜಿಂಕೆಯ ಮದದ ದಿನಗಳಾಗಿರುವ ಕಡೆ ಬೇಟೆಗಾರನು ಎರಡು ಕೋಡುಗಳನ್ನು ಒಂದಕ್ಕೊಂದು ಬಡಿದು ಕಾದಾಟದ ಸದ್ದನ್ನು ಹುಟ್ಟಿಸುತ್ತಾನೆ; ಊದುಗೊಳವೆಯಿಂದ ಹೆಣ್ಣಿನ ದನಿಯನ್ನು ಅನುಕರಿಸುತ್ತಾನೆ. ವರ್ಷವೆಲ್ಲ ಪೊದೆಯನ್ನು ಬಿಟ್ಟು ಹೊರಬರದ ಎಚ್ಚರದ ಗಂಡು ಆಗ ತಾನಾಗಿಯೇ ಎದುರಿಗೆ ಬರುತ್ತದೆ. ಅಲ್ಲಿಯ ಬೇಟೆಗಾರರಲ್ಲಿಯೂ ಈ ವಿಷಯದಲ್ಲಿ ಅಂತಃಕರಣದ ಅಳುಕು ಇಲ್ಲದಿಲ್ಲ. ಥಿಯೋಡೋರ್ ರೂಸ್‌ವೆಲ್ಟನು ೧೮೮೭ರಲ್ಲಿ ಸ್ಥಾಪಿಸಿದ ಬೂನ್ ಅಂಡ್ ಕ್ರೊಕೆಟ್ ಕ್ಲಬ್ಬು, ಮೃಗಕ್ಕೆ ತಪ್ಪಿಸಿಕೊಳ್ಳುವ ಅವಕಾಶವನ್ನು ಉಳಿಸದ ಬೇಟೆಯು ಮರ್ಯಾದೆಯ ಬೇಟೆಯಲ್ಲವೆಂಬ ನಿಯಮವನ್ನು ಎತ್ತಿಹಿಡಿಯಿತು. ಕೊಲ್ಲುವವನೇ ಕೊಲೆಗೊಂದು ಮೇರೆಯನ್ನು ಹುಡುಕುತ್ತಾನೆಂಬುದು ಮನುಷ್ಯಸ್ವಭಾವದ ವಿಚಿತ್ರಗಳಲ್ಲಿ ಒಂದು.

ಆ ಮೇರೆಯು ಯಾವುದು? ಇತಿಹಾಸಗಳಲ್ಲಿ ಇದರ ಚರ್ಚೆಯು ಬಹು ಹಿಂದೆಯೇ ನಡೆದಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೆಂದು ವಾಲಿಯು ಆಕ್ಷೇಪಿಸಿದಾಗ, ಮನುಷ್ಯರು ಬಲೆಗಳಿಂದಲೂ ಪಾಶಗಳಿಂದಲೂ ಮರೆಯಾಗಿಯೂ ಎದುರಾಗಿಯೂ ಮೃಗಗಳನ್ನು ಹಿಡಿಯುವುದುಂಟು, ಅದರಲ್ಲಿ ದೋಷವಿಲ್ಲವೆಂದು ರಾಮನು ಉತ್ತರವಿತ್ತನು. ಈ ಉತ್ತರದಿಂದ ವಿಷಯವು ಮುಗಿಯಿತೆನ್ನುವವರು ಅದೇ ಕಾವ್ಯದ ಇನ್ನೊಂದು ಪ್ರಸಂಗವನ್ನೂ ನೆನೆಯಬೇಕು. ದಶರಥನು ಯೌವನದಲ್ಲಿ ಸರಯೂ ತೀರದ ಕತ್ತಲೆಯಲ್ಲಿ, ನೀರಿಗೆ ಬರುವ ಕಾಡುಕೋಣವನ್ನೋ ಆನೆಯನ್ನೋ ಹೊಡೆಯಬೇಕೆಂದು ಹೊಂಚುಹಾಕಿ, ಕೊಡದಲ್ಲಿ ನೀರು ತುಂಬುವ ಸದ್ದನ್ನು ಕೇಳಿ ಬಾಣ ಬಿಟ್ಟನು. ಬಿದ್ದವನು ಕುರುಡರಾದ ತಾಯಿತಂದೆಗಳಿಗಾಗಿ ನೀರಿಗೆ ಬಂದಿದ್ದ ಮುನಿಕುಮಾರ. ಅರಸನ ಕೈ ತಪ್ಪಲಿಲ್ಲ, ಗುರಿಯೂ ತಪ್ಪಲಿಲ್ಲ, ತಪ್ಪಿದುದು ಒಂದೇ. ನೀರಿನ ಬಳಿಗೆ ಬರುವವನು ಯಾರೇ ಆಗಿರಲಿ, ಬಾಯಾರಿಕೆಯಿಂದ ಬರುವನೆಂಬ ವಿವೇಕವು ಅವನಿಗೆ ಆ ಗಳಿಗೆಯಲ್ಲಿ ಇರಲಿಲ್ಲ.

ಪಾಂಡುರಾಜನ ಕಥೆಯು ಇನ್ನೂ ಸ್ಪಷ್ಟವಾದುದು. ಮೃಗರೂಪದಿಂದ ತನ್ನ ಪತ್ನಿಯೊಡನೆ ಕೂಡಿದ್ದ ಕಿಂದಮ ಮುನಿಯನ್ನು ಅವನು ಬಾಣದಿಂದ ಹೊಡೆದನು. ಮುನಿಯು ಪ್ರಾಣಬಿಡುವ ಮುನ್ನ ಅರಸನೊಡನೆ ವಾದಿಸುತ್ತಾನೆ. ಕಪಟದಿಂದಾಗಲಿ ನೇರಾಗಿಯಾಗಲಿ ಮೃಗವಧೆಯು ರಾಜರಿಗೆ ವಿಹಿತವೆಂದು ಪಾಂಡುವು ಹೇಳುತ್ತಾನೆ. ಅದಕ್ಕೆ ಮುನಿಯು ಕೊಡುವ ಉತ್ತರವೇ ಈ ವಿಚಾರಕ್ಕೆಲ್ಲ ಕೀಲಿಕೈ. ಮೃಗಗಳನ್ನು ಕೊಂದೆಯೆಂದು ಅವನು ಅರಸನನ್ನು ನಿಂದಿಸುವುದಿಲ್ಲ. ಆ ಗಳಿಗೆ ಕಳೆಯುವವರೆಗೆ ಕಾಯುವಷ್ಟು ಆನೃಶಂಸ್ಯವೂ, ಎಂದರೆ ಕ್ರೌರ್ಯವಿಲ್ಲದ ಮನಸ್ಸೂ, ನಿನ್ನಲ್ಲಿರಲಿಲ್ಲವಲ್ಲ ಎನ್ನುತ್ತಾನೆ. ಪರಮಧರ್ಮವು ಯಾವುದೆಂದು ಯಕ್ಷನು ಕೇಳಿದಾಗ ಪಾಂಡುವಿನ ಮಗನಾದ ಯುಧಿಷ್ಠಿರನು ಕೊಟ್ಟ ಉತ್ತರವೂ ಆನೃಶಂಸ್ಯವೆಂಬ ಇದೇ ಮಾತು. ತಂದೆಯಲ್ಲಿ ಇಲ್ಲವಾದುದನ್ನು ಮಗನು ಕಲಿತನು.

ಈ ಕಥೆಗಳಿಂದ ದೊರೆಯುವ ಅಳತೆಗೋಲನ್ನು ಹೀಗೆ ಹೇಳಬಹುದು: ಒಂದು ಜೀವದ ಅಗತ್ಯವನ್ನು ಬಲೆಯನ್ನಾಗಿ ಮಾಡತಕ್ಕವನ ಕಡೆಯಲ್ಲಿಯೂ ಅಷ್ಟೇ ತೂಕದ ಅಗತ್ಯವಿರಬೇಕು. ಹಸಿದ ಮನುಷ್ಯನು ನೀರ ಬಳಿಯಲ್ಲಿ ಮೃಗವನ್ನು ಹೊಡೆದರೆ ಅಲ್ಲಿ ಹಸಿವೆಗೂ ಬಾಯಾರಿಕೆಗೂ ಮುಖಾಮುಖಿಯಾಯಿತು. ಅದು ದುಃಖದ ಸಂಗತಿಯಾದರೂ ದ್ರೋಹವಲ್ಲ. ಉಂಡು ತೇಗಿದವನು ಬಾಯಾರಿದುದನ್ನು ಹೊಡೆದರೆ ಅದು ದ್ರೋಹ. ಹುಲಿಯೂ ನೀರ ಬಳಿಯಲ್ಲಿಯೇ ಹೊಂಚುವುದಲ್ಲವೆ ಎಂದು ಕೇಳುವವರಿದ್ದಾರೆ. ಹುಲಿಗೆ ಅಂಗಡಿಯಿಲ್ಲ, ಕಣಜವಿಲ್ಲ, ನಾಳೆಗೆಂದು ಕೂಡಿಟ್ಟ ಕಾಳಿಲ್ಲ. ಬೇಟೆಯಿಂದ ಮೈ ಹಗುರಾಗುವುದು, ಚಲಿಸುವ ಗುರಿಯನ್ನು ಹೊಡೆಯುವ ಅಭ್ಯಾಸವಾಗುವುದು, ಪ್ರಾಣಿಗಳ ಕೋಪಭಯಗಳ ಪರಿಚಯವಾಗುವುದು ಎಂಬ ಗುಣಗಳನ್ನು ಕೌಟಿಲ್ಯನೂ ಒಪ್ಪಿದ್ದಾನೆ. ಆದರೆ ಮನುವು ಕಾಮದಿಂದ ಹುಟ್ಟುವ ಹತ್ತು ವ್ಯಸನಗಳನ್ನು ಎಣಿಸುವಾಗ ಬೇಟೆಯನ್ನೇ ಮೊದಲು ಇಟ್ಟಿದ್ದಾನೆ. ವ್ಯಾಯಾಮಕ್ಕೆ ಸಾಧನಗಳು ಬೇರೆ ಎಷ್ಟೋ ಇವೆ. ಮೃಗಕ್ಕೆ ನೀರಿನ ಗುಂಡಿಯು ಒಂದೇ ಇದ್ದಿತು.

ಈ ಅಳತೆಗೋಲನ್ನು ಹಿಡಿದು ಈಗಿನ ರಾಯಚೂರು ಸೀಮೆಗೆ ಬಂದರೆ ವಿಚಾರವು ತಟ್ಟನೆ ತಿರುಗಿ ನಿಲ್ಲುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವು ಕೃಷ್ಣಮೃಗವನ್ನು ಮೊದಲನೆಯ ಪರಿಚ್ಛೇದದಲ್ಲಿ ಸೇರಿಸಿದೆ. ಅದನ್ನು ಕೊಂದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ, ಏಳು ವರ್ಷದವರೆಗಿನ ಸೆರೆ. ಬೇರೆ ಕೆಲವು ಮೃಗಗಳು ನಿಂತ ಪೈರನ್ನು ಹಾಳುಮಾಡಿದರೆ ಅಧಿಕಾರಿಯು ವಧೆಗೆ ಅನುಮತಿ ಕೊಡಬಹುದು. ಮೊದಲನೆಯ ಪರಿಚ್ಛೇದದ ಮೃಗಕ್ಕೆ ಆ ಮಾತಿಲ್ಲ. ಅದು ಮನುಷ್ಯನ ಪ್ರಾಣಕ್ಕೆ ಅಪಾಯಕಾರಿಯಾಗಿರಬೇಕು, ಇಲ್ಲವೆ ಗುಣವಾಗದಷ್ಟು ಗಾಯಗೊಂಡಿರಬೇಕು ಅಥವಾ ರೋಗಪೀಡಿತವಾಗಿರಬೇಕು. ಬೆಳೆಯು ಹೋಯಿತೆಂಬುದು ಅಲ್ಲಿ ಕಾರಣವೆನಿಸದು.

ಆದರೆ ಬೆಳೆಯು ಹೋಗುವುದು ನಿಜ. ಮೃಗಶಿರಾ ಆರಿದ್ರಾ ಮಳೆಗಳಿಗೆ ಬಿತ್ತಿದ ಹತ್ತಿಯೂ ತೊಗರಿಯೂ ಎರಡೆಲೆ ಒಡೆಯುವ ಹೊತ್ತಿಗೆ ಹಿಂಡು ಹೊಲಕ್ಕೆ ಇಳಿಯುವುದು. ಒಂದು ರಾತ್ರಿಯಲ್ಲಿ ಕುಡಿ ಚಿವುಟಿಹೋದ ಸಾಲುಗಳನ್ನು ಮತ್ತೆ ಬಿತ್ತಬೇಕೆಂದರೆ ಬೀಜಕ್ಕೆ ಮತ್ತೆ ಸಾಲ. ಬಿತ್ತಿದರೂ ಹದವು ದಾಟಿರುತ್ತದೆ. ಹಿಂಗಾರಿನಲ್ಲಿ ಕಡಲೆಗೂ ಜೋಳಕ್ಕೂ ಇದೇ ಗತಿ. ಮಾನ್ವಿ ದೇವದುರ್ಗಗಳ ಹಳ್ಳಿಗಳಲ್ಲಿ ಸಣ್ಣ ಹಿಡುವಳಿಯ ರೈತನು ಹೊಲದ ಸುತ್ತ ಹಳೆಯ ಸೀರೆಗಳನ್ನು ಕಟ್ಟುತ್ತಾನೆ, ತಗಡು ಬಡಿಯುತ್ತಾನೆ, ಅಟ್ಟಣೆಯ ಮೇಲೆ ನಿದ್ದೆಗೆಟ್ಟು ಕೂರುತ್ತಾನೆ. ನೂರಾರು ವರ್ಷ ಬೇಟೆಗಾರನು ಮೃಗಕ್ಕಾಗಿ ಕಾದು ಕುಳಿತ ನೆಲದಲ್ಲಿ ಈಗ ಅದನ್ನು ಕೊಲ್ಲಲಾಗದ ರೈತನು ಕಾದು ಕುಳಿತಿದ್ದಾನೆ. ಅಗತ್ಯಕ್ಕೆ ಅಗತ್ಯವು ಎದುರಾಗಬೇಕೆಂಬ ಅಳತೆಯಿಂದ ನೋಡಿದರೆ ಅರಮನೆಯ ಬೇಟೆಗಾರನಿಗೆ ಎಂದೂ ಇಲ್ಲದಿದ್ದ ಹಕ್ಕು ಈ ರೈತನಿಗೆ ಉಂಟು. ಶಾಸನವು ಬೇಡವೆನ್ನುವುದೂ ಅವನಿಗೇ.

ಹಾಗಾದರೆ ಶಾಸನವು ಅನ್ಯಾಯವೆ? ಅವಸರದಿಂದ ಹಾಗೆನ್ನಲಾಗದು. ಈ ಮೃಗವು ಹೊರಗಿನಿಂದ ಬಂದು ಹೊಲಕ್ಕೆ ನುಗ್ಗಿದುದಲ್ಲ. ಅದು ಮೇಯುತ್ತಿದ್ದ ಹುಲ್ಲುಬಯಲೇ ಉಳುಮೆಗೆ ಸೇರಿತು. ೧೯೫೩ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದ ಮೇಲೆ ಎಡದಂಡೆಯ ಕಾಲುವೆಯ ನೀರು ಮಾನ್ವಿಯ ಕಡೆಗೂ, ಮುಂದೆ ಕೃಷ್ಣೆಯ ನಾರಾಯಣಪುರ ಬಲದಂಡೆಯ ಕಾಲುವೆಯ ನೀರು ದೇವದುರ್ಗದ ಕಡೆಗೂ ಹರಿಯಿತು. ಬೀಳುಬಿದ್ದಿದ್ದ ನೆಲವೂ ಗದ್ದೆಯಾಯಿತು. ಮೃಗದ ಸಂಖ್ಯೆಯನ್ನು ಹದದಲ್ಲಿಡುತ್ತಿದ್ದ ಪ್ರಾಣಿಗಳ ಕಥೆಯೂ ಅಷ್ಟೆ. ಸೋಮೇಶ್ವರನ ಕಾಲದಲ್ಲಿ ಬೇಟೆಗೆ ಬಳಸುತ್ತಿದ್ದ ಚೀತಾಗಳಲ್ಲಿ ಕಡೆಯ ಮೂರನ್ನು ೧೯೪೭ರಲ್ಲಿ ಮಧ್ಯಭಾರತದ ಅರಸನೊಬ್ಬನು ಗುಂಡಿಕ್ಕಿದನು. ೧೯೫೨ರಲ್ಲಿ ಆ ಜಾತಿಯು ಈ ದೇಶದಿಂದ ಅಳಿಯಿತೆಂದು ಸರ್ಕಾರವು ಸಾರಿತು. ೨೦೨೨ರಲ್ಲಿ ಆಫ್ರಿಕದಿಂದ ತಂದ ಚೀತಾಗಳು ಇರುವುದು ದೂರದ ಕುನೋದಲ್ಲಿ. ಹೀಗೆ ಚಿಗರಿಯ ಮನೆಯನ್ನೂ ಕಿತ್ತು, ಅದನ್ನು ಅಂಕೆಯಲ್ಲಿಟ್ಟ ಪ್ರಾಣಿಯನ್ನೂ ಕೊಂದ ಮೇಲೆ, ಅದು ಪೈರಿಗೆ ಬಾಯಿಹಾಕಿತೆಂದು ದೂರುವುದು ಸರಿಯೆ? ಅತ್ತ ರೈತನದೂ ತಪ್ಪಲ್ಲ, ಇತ್ತ ಮೃಗದದೂ ತಪ್ಪಲ್ಲ. ಕೊಂದುಬಿಡುವುದೇ ಸುಲಭವೆಂದು ತೋರಿದ ಕಡೆಗಳೂ ಇವೆ. ಬಿಹಾರದಲ್ಲಿ ನೀಲಗಾಯಿಯನ್ನು ಪೀಡೆಯೆಂದು ಸಾರಿ, ೨೦೧೬ರಲ್ಲಿ ಮೊಕಾಮಾದ ಬಯಲಿನಲ್ಲಿ ಹೊರಗಿನಿಂದ ಕರೆಸಿದ ಬಂದೂಕುಗಾರರಿಂದ ಗುಂಪುಗುಂಪಾಗಿ ಹೊಡೆಸಲಾಯಿತು. ಬೆಲೆ ತೆರುವವರು ಯಾರೆಂಬ ಪ್ರಶ್ನೆಗೆ ಅಲ್ಲಿ ದೊರೆತ ಉತ್ತರವು ಮೃಗವೆಂದು. ಇಲ್ಲಿ ದೊರೆತಿರುವ ಉತ್ತರವು ರೈತನೆಂದು. ಎರಡರಲ್ಲಿಯೂ ತಪ್ಪಿಸಿಕೊಂಡವನೊಬ್ಬನಿದ್ದಾನೆ.

ಅವನು ಯಾರೆಂಬುದನ್ನು ತಿಳಿಯಲು ರಾಯಚೂರು ಜಿಲ್ಲೆಯ ಮಸ್ಕಿಯವರೆಗೆ ಹೋದರೆ ಸಾಕು. ಅಲ್ಲಿಯ ಬಂಡೆಯ ಮೇಲೆ ೧೯೧೫ರಲ್ಲಿ ಬೆಳಕಿಗೆ ಬಂದ ಶಾಸನದಿಂದಲೇ ದೇವಾನಾಂಪ್ರಿಯನೆಂಬವನು ಅಶೋಕನೆಂಬ ವಿಷಯವು ಖಚಿತವಾಯಿತು. ಆ ಅರಸನ ಬೇರೆ ಬಂಡೆಶಾಸನಗಳಲ್ಲಿ ಎರಡು ಸಂಗತಿಗಳಿವೆ. ಹಿಂದಿನ ಅರಸರು ಬೇಟೆಯ ವಿಹಾರಯಾತ್ರೆಗೆ ಹೋಗುತ್ತಿದ್ದರು, ತಾನು ಅದನ್ನು ಬಿಟ್ಟು ಧರ್ಮಯಾತ್ರೆಗೆ ಹೊರಟೆನೆಂಬುದು ಒಂದು. ತನ್ನ ಅಡಿಗೆಯ ಮನೆಯಲ್ಲಿ ಲೆಕ್ಕವಿಲ್ಲದಷ್ಟು ಪ್ರಾಣಿಗಳು ಸಾಯುತ್ತಿದ್ದವು, ಈಗ ಎರಡು ನವಿಲು, ಒಂದು ಜಿಂಕೆ, ಆ ಜಿಂಕೆಯೂ ನಿತ್ಯವಲ್ಲ, ಮುಂದೆ ಇವೂ ನಿಲ್ಲುವುವೆಂಬುದು ಇನ್ನೊಂದು. ಇಲ್ಲಿ ಗಮನಿಸತಕ್ಕ ಅಂಶವಿಷ್ಟೆ: ಅಭಯ ಕೊಟ್ಟ ಅರಸನು ಮೊದಲು ತನ್ನ ವಿನೋದವನ್ನೂ ತನ್ನ ತಟ್ಟೆಯನ್ನೂ ಕಡಿಮೆಮಾಡಿಕೊಂಡನು. ಅಭಯವನಗಳ ಮೃಗಗಳನ್ನು ಹಿಂಸಿಸಿದವನಿಗೆ ದಂಡವನ್ನು ವಿಧಿಸಿದ ಕೌಟಿಲ್ಯನೂ, ಆ ಮೃಗಗಳೇ ಕೇಡಿಗೆಳಸಿದರೆ ವನದಿಂದ ಹೊರಗೆ ಹಿಡಿಯಬಹುದು, ಕೊಲ್ಲಬಹುದು ಎಂದು ಹೇಳಲು ಮರೆಯಲಿಲ್ಲ.

ಈ ತತ್ತ್ವವು ಶಿಬಿಯ ಕಥೆಯಲ್ಲಿ ಎಲ್ಲಕ್ಕಿಂತ ಚೆನ್ನಾಗಿ ತೋರುತ್ತದೆ. ಗಿಡುಗಕ್ಕೆ ಹೆದರಿದ ಪಾರಿವಾಳವು ಶಿಬಿಯ ತೊಡೆಯ ಮೇಲೆ ಬಿದ್ದಿತು. ಅರಸನು ಅದಕ್ಕೆ ಅಭಯವನ್ನು ಕೊಟ್ಟನು. ಗಿಡುಗವು ಬಂದು, ಅದು ತನ್ನ ಆಹಾರ, ಹಸಿವೆಯಿಂದ ತಾನೂ ತನ್ನ ಮರಿಗಳೂ ಸತ್ತರೆ ಆ ಪಾಪವು ಯಾರದೆಂದು ಕೇಳಿತು. ಹಸಿದು ಸಾಯೆಂದು ಶಿಬಿಯು ಗಿಡುಗಕ್ಕೆ ಹೇಳಲಿಲ್ಲ. ಮಾತು ತಪ್ಪಿ ಪಾರಿವಾಳವನ್ನೂ ಬಿಟ್ಟುಕೊಡಲಿಲ್ಲ. ತಕ್ಕಡಿಯನ್ನು ತರಿಸಿ ತನ್ನ ತೊಡೆಯ ಮಾಂಸವನ್ನೇ ಕೊಯ್ದು ಇಟ್ಟನು. ಶಿಬಿಯು ದಯಾಳುವೆಂದು ಎಲ್ಲರೂ ಹೊಗಳುತ್ತಾರೆ. ದಯೆಯು ಹಲವರಲ್ಲಿ ಇರುವುದು. ಶಿಬಿಯ ಹೆಚ್ಚಳವು, ದಯೆಯ ಲೆಕ್ಕವನ್ನು ತನ್ನ ಹೆಸರಿಗೇ ಬರೆದುಕೊಂಡುದರಲ್ಲಿದೆ. ಕೃಷ್ಣಮೃಗಕ್ಕೆ ಅಭಯವನ್ನು ಕೊಟ್ಟವರು ಶಾಸನವನ್ನು ಮಾಡಿದ ಸಮಾಜದವರೆಲ್ಲರೂ. ಅದು ಉಳಿಯಲೆಂದು ಬಯಸುವವರು ನಗರದ ಸುಶಿಕ್ಷಿತರು. ತಕ್ಕಡಿಯಲ್ಲಿ ಬೀಳುತ್ತಿರುವ ಮಾಂಸವು ಮಾತ್ರ ಮಾನ್ವಿಯ ಹತ್ತಿಯ ಹೊಲದ್ದು, ದೇವದುರ್ಗದ ತೊಗರಿಯ ಹೊಲದ್ದು. ಬೇರೊಬ್ಬನ ತೊಡೆಯನ್ನು ಕೊಯ್ದು ಇಟ್ಟಿದ್ದರೆ ಶಿಬಿಯ ಹೆಸರು ಉಳಿಯುತ್ತಿದ್ದಿತೆ?

ಆದುದರಿಂದ ಅಭಯವನ್ನು ಹಿಂತೆಗೆಯುವುದು ಧರ್ಮವಲ್ಲ. ಅದರ ಬೆಲೆಯನ್ನು ಕೊಟ್ಟವರೇ ತೆರುವುದು ಧರ್ಮ. ವನ್ಯಮೃಗಗಳಿಂದಾದ ಬೆಳೆಹಾನಿಗೆ ಸರ್ಕಾರವು ಪರಿಹಾರಧನವನ್ನು ಕೊಡುವ ಪದ್ಧತಿಯಿದೆ. ಅದು ಮರುಬಿತ್ತನೆಯ ಹದ ತಪ್ಪುವುದರೊಳಗೆ, ನಿಜವಾದ ನಷ್ಟಕ್ಕೆ ಸರಿಯಾಗಿ ಕೈಸೇರಿದರೆ ಪರಿಹಾರ. ತಡವಾದರೆ ಸಾಂತ್ವನ ಮಾತ್ರ. ಉಳಿದಿರುವ ಗೋಮಾಳಗಳನ್ನೂ ಹುಲ್ಲಿನ ಗುಡ್ಡಗಳನ್ನೂ ಒತ್ತುವರಿಯಿಂದ ಕಾಪಾಡಿ, ಬೇಸಗೆಯಲ್ಲಿ ಅಲ್ಲಿಯೇ ನೀರಿನ ತೊಟ್ಟಿಗಳನ್ನು ಇಟ್ಟರೆ ಹಿಂಡಿಗೆ ಹೊಲದ ಹಂಗು ಕಡಿಮೆಯಾದೀತು. ರಾಣೆಬೆನ್ನೂರಿನಲ್ಲಿ ೧೯೭೪ರಲ್ಲಿಯೂ ತುಮಕೂರು ಜಿಲ್ಲೆಯ ಮೈದನಹಳ್ಳಿಯ ಜಯಮಂಗಲಿ ಬಯಲಿನಲ್ಲಿ ೨೦೦೭ರಲ್ಲಿಯೂ ಕೃಷ್ಣಮೃಗಕ್ಕೆಂದೇ ನೆಲವನ್ನು ಮೀಸಲಿಟ್ಟ ನಿದರ್ಶನಗಳಿವೆ. ಇವೆಲ್ಲಕ್ಕೂ ಹಣವು ಬೇಕು. ಆ ಹಣವು ಎಲ್ಲರ ತೆರಿಗೆಯಿಂದ ಬರತಕ್ಕದ್ದು. ಅದನ್ನು ಹೊರೆಯೆಂದು ಗೊಣಗುವವನು ಚಿಗರಿಯ ಚೆಲುವನ್ನು ಹೊಗಳುವ ಅಧಿಕಾರವನ್ನು ಕಳೆದುಕೊಳ್ಳುತ್ತಾನೆ.

ಇಷ್ಟರಿಂದಲೇ ಗೃಹಸ್ಥನ ಕರ್ತವ್ಯವು ತೀರದು. ಶಾಸನವಿದ್ದರೂ ಕಳ್ಳಬೇಟೆಯು ನಿಂತಿಲ್ಲ. ಬೇಸಗೆಯ ರಾತ್ರಿಯಲ್ಲಿ ವಾಹನವನ್ನೇರಿ, ಪ್ರಖರವಾದ ದೀಪದಿಂದ ಮೃಗದ ಕಣ್ಣು ಕೋರೈಸಿ ಹೊಡೆಯುವವನು ಹಸಿದವನಲ್ಲ. ಅವನಿಂದ ಗುಟ್ಟಾಗಿ ಮಾಂಸವನ್ನು ಕೊಳ್ಳುವ ಮನೆಯೂ ಹಸಿದ ಮನೆಯಲ್ಲ. ರಾತ್ರಿಯೆಲ್ಲ ಎಚ್ಚರವಿದ್ದು ಬೆಳೆಯನ್ನು ಕಳೆದುಕೊಂಡ ರೈತನು ಕೈ ಕಟ್ಟಿ ನಿಂತಿರುವಾಗ, ಏನನ್ನೂ ಕಳೆದುಕೊಳ್ಳದವನು ರುಚಿಗಾಗಿ ಕೊಲ್ಲಿಸುವನೆಂದರೆ ಧರ್ಮದ ತಕ್ಕಡಿಯು ಎರಡು ಕಡೆಯಿಂದಲೂ ಮುರಿದಂತಾಯಿತು. ಅಂತಹ ಮಾಂಸವು ತಟ್ಟೆಗೆ ಬಂದಾಗ ಬೇಡವೆನ್ನುವುದು, ಪೇಟೆಗೆ ಬಂದ ರೈತನು ಚಿಗರಿಯ ದೂರನ್ನು ಹೇಳಿದಾಗ ನಗದೆ ಕೇಳುವುದು, ಅವನ ಅರ್ಜಿಗೆ ಒಂದು ಮಾತಿನ ಬಲವನ್ನಾದರೂ ಕೊಡುವುದು, ಇವು ಸಣ್ಣ ಕೆಲಸಗಳು. ಅಶೋಕನೂ ಬಂಡೆಯ ಮೇಲೆ ಬರೆಯಿಸುವ ಮುನ್ನ ತನ್ನ ಅಡಿಗೆಯ ಮನೆಯಿಂದಲೇ ತೊಡಗಿದನು.

ಕೃಷ್ಣಮೃಗವು ಸಂಚರಿಸುವ ದೇಶದಲ್ಲಿ ಧರ್ಮವನ್ನು ತಿಳಿಯಿರೆಂದು ಸ್ಮೃತಿಕಾರನು ಹೇಳಿದನು. ಮೃಗವು ಇದ್ದುದರಿಂದಲೇ ಧರ್ಮವು ತಾನಾಗಿ ನೆಲೆಸಿತೆಂದು ಅವನು ಹೇಳಲಿಲ್ಲ. ತಿಳಿಯುವ ಕೆಲಸವನ್ನು ಅಲ್ಲಿಯ ಮನುಷ್ಯರಿಗೆ ಬಿಟ್ಟನು. ರಾಯಚೂರು ಸೀಮೆಯ ಬಯಲಿನಲ್ಲಿ ಮೃಗವು ಇನ್ನೂ ಸಂಚರಿಸುತ್ತಿದೆ. ನೀರಿಗೆ ಬಂದ ಚಿಗರಿಯೂ, ಅಟ್ಟಣೆಯ ಮೇಲೆ ಕುಳಿತ ರೈತನೂ ಒಂದೇ ಬೆಳಗಿಗಾಗಿ ಕಾಯುತ್ತಿದ್ದಾರೆ. ಒಬ್ಬರ ಉಳಿವಿಗೆ ಇನ್ನೊಬ್ಬರನ್ನು ತೆರದೆ ಇಬ್ಬರಿಗೂ ಆ ಬೆಳಗನ್ನು ಒದಗಿಸುವುದೇ ಈ ನೆಲದಲ್ಲಿ ತಿಳಿಯತಕ್ಕ ಧರ್ಮವು.